ಹನ್ನೊಂದನೇ ಗಾಲಿ

ಮಗನಿಗೂ ಮಗಳಿಗೂ ನಾನೇ ಮನೆಯಲ್ಲಿ ಪಾಠ ಹೇಳುತ್ತಿದ್ದೆ. ಆದರೂ ಏಪ್ರಿಲ್ ಬಂದರೆ ಓಣಿಯ ಮಕ್ಕಳ ಜೊತೆ ಅವರಿಗೂ ರಜೆ ಬೇಕು. ಶಾಲೆಗೇ ಹೋಗದವರಿಗೆ ಎಂಥ ರಜೆ ಎಂದು ರೇಗುತ್ತಿದ್ದೆ. ಜೂನ್ ಹೊತ್ತಿಗೆ ಇಬ್ಬರೂ ಮಗ್ಗಿಯೆಲ್ಲ ಮರೆತು ಕೂತಿರುತ್ತಿದ್ದರು.

ಒಂದು ಬೇಸಿಗೆ ಹೊಸಪೇಟೆಯ ನಮ್ಮ ಮನೆಯ ಕಟ್ಟೆಯನ್ನೇ ಪಾಟಿ ಮಾಡಿಬಿಟ್ಟೆ. ಮುಂದಿನ ರಸ್ತೆಯಲ್ಲಿ ಸಂಡೂರಿನ ಅದಿರು ಲಾರಿಗಳು ದಿನವಿಡೀ ಸಾಲುಗಟ್ಟಿ ಹೋಗುತ್ತಿದ್ದವು. ಎಷ್ಟು ಒರೆಸಿದರೂ ಕಟ್ಟೆಯ ಮೇಲೆ ಕೆಂಪು ಧೂಳು. ಅದರಲ್ಲೇ ಬೆರಳಿನಿಂದ ಲೆಕ್ಕ ಬರೆಯಬಹುದಿತ್ತು. ಒಂದೊಂದು ಲಾರಿಗೂ ಹತ್ತು ಗಾಲಿ. "ಐದು ಲಾರಿ ಹೋದ್ರ ಗಾಲಿ ಎಷ್ಟು?" ಎಂದೆ.

"ಐವತ್ತೈದು," ಎಂದಳು ಮಗಳು.

"ಹತ್ತರ ಮಗ್ಗೀನೂ ಬರಲ್ಲೇನ್ ನಿನಗ?" ಎಂದು ಗದರಿದೆ.

"ಕೆಳಗ ಕಟ್ಟಿರೋ ಸ್ಟೆಪ್ನಿ ಬಿಟ್ಟಿ ನೋಡವ್ವ. ಅದು ಗಾಲಿ ಅಲ್ಲೇನು?"

ಆ ಬೇಸಿಗೆಯೆಲ್ಲ ಹನ್ನೊಂದರ ಮಗ್ಗಿಯೇ ನಡೆಯಿತು. ಜೂನಿನಲ್ಲಿ ಕಂಪ್ಲಿಯಿಂದ ನನ್ನ ಅತ್ತೆ ಬಂದರು. ಮನೆಪಾಠವೆಂದರೆ ಅವರಿಗೆ ನಂಬಿಕೆಯಿಲ್ಲ. ಬಂದವರೇ ಮಗನನ್ನು ಎದುರು ನಿಲ್ಲಿಸಿ, "ಹತ್ತಾರ್ಲೆ ಎಷ್ಟಲೇ?" ಎಂದರು.

ಅವನು ಅಜ್ಜಿಯನ್ನೇ ತಿರುಗಿ ಕೇಳಿದ: "ಸ್ಟೆಪ್ನಿ ಸೇರಿಸಿ ಹೇಳ್ಲೇನು, ಬಿಟ್ಟು ಹೇಳ್ಲೇನು?"