ಜಗಲಿಯಲ್ಲಿದ್ದ ಗಳ

ಎಂಟು ದಿನವಾಯಿತು, ನನ್ನ ಬಲ ಹೆಗಲು ನನ್ನ ಮಾತು ಕೇಳುತ್ತಿಲ್ಲ. ಅಂಗಿ ತೊಡಲೂ ಹೆಂಡತಿಯ ಸಹಾಯ ಬೇಕು. (ಸಹಾಯದ ಜೊತೆ ಉಪದೇಶ ಫ್ರೀ.)

ಆದದ್ದಿಷ್ಟು. ಹುಬ್ಬಳ್ಳಿಯ ಗೆಳೆಯ ಬಸಣ್ಣನಿಗೆ ಹಳೇ ಪದ್ಧತಿಗಳ ಹುಚ್ಚು. ಎಲ್ಲವನ್ನೂ ವಿಡಿಯೋ ಮಾಡಿಡಬೇಕು, ಇಲ್ಲದಿದ್ದರೆ ನಶಿಸಿಹೋಗುತ್ತದೆ ಅನ್ನುತ್ತಾನೆ. ಪೇಟೆಯವರ ಈ ಪರಂಪರೆ ಹುಡುಕಾಟ ನೋಡಿ ನೋಡಿ ನನಗೆ ಸಾಕಾಗಿದೆ. ಆದರೂ ಭೂಮಿ ಹುಣ್ಣಿಮೆಯ ಹಿಂದಿನ ದಿನ ಸಿದ್ದಾಪುರದಾಚೆಯ ಒಂದು ಗುಡ್ಡದ ಊರಿಗೆ ನನ್ನನ್ನೂ ಎಳೆದುಕೊಂಡು ಹೋದ. ಊರೆಂದರೆ ಏಳು ಮನೆ. ಡಾಂಬರು ಮುಗಿದ ಮೇಲೆ ಒಂದೂವರೆ ತಾಸು ಏರು. ಐವತ್ತೈದು ದಾಟಿದವನಿಗೆ ಇದೆಲ್ಲ ಬೇಕಿತ್ತಾ?

ಮೇಲೆ, ನಾವು ಹೋದ ಮನೆಯ ಯಜಮಾನಿ ಕನ್ನಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದರು. ಭತ್ತದ ಒಡಲಲ್ಲಿ ತೆನೆ ಕಟ್ಟಿ ಹೊಡೆಯಾಗುವ ಈ ಕಾಲದಲ್ಲಿ ಭೂಮಿತಾಯಿ ಬಸುರಿ. ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಅವಳ ಬಯಕೆ ತೀರಿಸುತ್ತಾರೆ. ಚೆಂದದ ಪದ್ಧತಿ, ಒಪ್ಪಿದೆ. ಒಳಗೆ ಸೊಸೆ ಸುಜಾತಾಗೂ ದಿನ ತುಂಬುತ್ತಿತ್ತು. ಅವಳಿಗೂ ಹಬ್ಬದೂಟ ಉಣ್ಣಿಸಿ, ಮರುದಿನ ಪೇಟೆಯ ಆಸ್ಪತ್ರೆಗೆ ಇಳಿಸೋಣವೆಂದು ಅತ್ತೆಯ ಎಣಿಕೆ.

ಬಸಣ್ಣನ ಕಣ್ಣು ಜಗಲಿಯಲ್ಲಿ ಒರಗಿಸಿಟ್ಟ ಬಿದಿರಿನ ಗಳದ ಮೇಲೆ ಬಿತ್ತು. ಎರಡೂ ತುದಿ ಸವೆದು ನುಣ್ಣಗಾಗಿತ್ತು. ಪಕ್ಕದಲ್ಲಿ ಮಡಿಸಿಟ್ಟ ಕಂಬಳಿ.

“ಇದ್ಯಾವ ದೇವ್ರಿಗೆ ಹಿಡ್ಯೂದು ಯವ್ವಾ?” ಅಂತ ಕೇಳಿ ಫೋಟೊ ಹೊಡೆದ.

ಕನ್ನಮ್ಮ ತಲೆ ಎತ್ತಲಿಲ್ಲ. “ಕಾಯ್ಲೆ ಆದೋರ್ನ ಇಳ್ಸದು” ಅಂದರು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವಷ್ಟೆ, ಸುಜಾತಾಗೆ ನೋವು ಶುರುವಾಯಿತು. ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಡಾಂಬರಿನವರೆಗೆ ಮಾತ್ರ. ಕಂಬಳಿಯನ್ನು ಗಳಕ್ಕೆ ಜೋಲಿ ಕಟ್ಟಿದರು. ಇಬ್ಬರು ಹೊರಬೇಕು, ಇಬ್ಬರು ಬದಲಿಗೆ. ಊರ ಗಂಡಸರೆಲ್ಲ ಹಬ್ಬದ ಸಾಮಾನಿಗೆಂದು ಸಂತೆಗೆ ಇಳಿದಿದ್ದರು. ಉಳಿದದ್ದು ಸುಜಾತಾಳ ಗಂಡ ಮತ್ತು ಪಕ್ಕದ ಮನೆಯ ಅಣ್ಣ ತಮ್ಮ. ನಾಲ್ಕನೆಯವರು ಯಾರು? ಬಸಣ್ಣನಿಗೆ ಮಂಡಿನೋವು. ಎಲ್ಲರೂ ನನ್ನ ಕಡೆ ನೋಡಿದರು.

ಇಳಿಯುವುದು ಸುಲಭ ಅಂದವರು ಯಾರೋ ಬರಿಗೈಯಲ್ಲಿ ಇಳಿದಿರಬೇಕು. ಬಿದಿರು ಸರಿಯಾಗಿ ಹೆಗಲ ಮೂಳೆಯ ಮೇಲೆಯೇ ಹುಡುಕಿಕೊಂಡು ಬಂದು ಕೂರುತ್ತಿತ್ತು. ಕನ್ನಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ಜೋಲಿಯ ಪಕ್ಕದಲ್ಲೇ ಓಡೋಡಿ ಬರುತ್ತಿದ್ದರು. ಆ ಹುಡುಗಿಯೋ, ನೋವಿನ ನಡುವೆ ಭಾರ ಆಯಿತೇನೋ ಅಂತ ನನ್ನನ್ನೇ ವಿಚಾರಿಸಿದಳು. ನನಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಒಂದು ಹೆಜ್ಜೆ ಜಾರಿದರೆ ಎರಡು ಜೀವ.

ಪುಣ್ಯಕ್ಕೆ ಜಾರಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ.

ಕಾರಿಡಾರಿನ ಬೆಂಚಿನ ಮೇಲೆ ಸುಸ್ತಾಗಿ ಕೂತಿದ್ದೆವು. ಬಸಣ್ಣನಿಗೆ ಮಾತ್ರ ಉತ್ಸಾಹ ಇಳಿದಿರಲಿಲ್ಲ. ತಾನು ಹಿಂದಿನಿಂದ ತೆಗೆದ ಜೋಲಿ ಇಳಿಸುವ ವಿಡಿಯೋ ಬಹಳ ಚೆನ್ನಾಗಿ ಬಂದಿದೆ, ಮುಂದಿನವರು ಇಂಥದ್ದನ್ನೆಲ್ಲ ಎಲ್ಲಿ ನೋಡಬೇಕು, ನೀನೂ ನಿನ್ನ ಪತ್ರಿಕೆಯ ಅಂಕಣದಲ್ಲಿ ಬರೆ ಅಂತ ಶುರು ಮಾಡಿದ. ಕನ್ನಮ್ಮ ಕೇಳಿಸಿಕೊಂಡರು. ನನ್ನ ಕಡೆ ತಿರುಗಿದರು.

“ಇದು ಉಳೀಬೇಕು ಅಂತ ಬರಿತ್ರಾ, ಹೋಗ್ಬೇಕು ಅಂತ ಬರಿತ್ರಾ?”