ಕಾಯಿಲೆ ನನ್ನದು, ಉತ್ತರ ಅವರದು

ಪೂಜೆಗೆ ಕುಳಿತಿದ್ದೆ. ಕೈ ನಡುಗಿತು. ಮೈಯೆಲ್ಲ ಬೆವರು. ಕಣ್ಣಿಗೆ ಕತ್ತಲೆ.

ಅಂಗೈಯಲ್ಲಿದ್ದ ಲಿಂಗ ಜಾರಿ ಮಡಿಲಿಗೆ ಬಿತ್ತು.

ಲಿಂಗ ಕಟ್ಟಿಕೊಂಡವರಿಗೆ ಅದೆಂಥ ಆಘಾತವೆಂದು ಹೇಗೆ ಹೇಳಲಿ? ಅತ್ತೆ ಓಡಿ ಬಂದು ಹಿಡಿದುಕೊಂಡರು. "ಏನ್ ಕೇಡು ಕಾದದೋ ಶಿವ್ನೆ," ಎಂದು ಅಳುತ್ತಲೇ ಬಾಯಿಗೆ ಬೆಲ್ಲದ ನೀರು ಬಿಟ್ಟರು. ಬೇಗೂರಿನಿಂದ ಗುಂಡ್ಲುಪೇಟೆಗೆ ಗಂಡನ ಜೊತೆ ಬಸ್ಸಿನಲ್ಲಿ ಹೋಗುವಾಗಲೂ ನನಗೆ ಪ್ರಾಣದ ಭಯಕ್ಕಿಂತ, ನಾಳೆ ಪೂಜೆಗೆ ಹೇಗೆ ಕೂರಲಿ ಎಂಬ ಭಯವೇ ದೊಡ್ಡದಾಗಿತ್ತು.

ಲೋ ಶುಗರ್ ಎಂದರು ಆಸ್ಪತ್ರೆಯಲ್ಲಿ. ಇನ್ಸುಲಿನ್ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ.

"ಇನ್ಸುಲಿನ್ ತಗೊಂಡ ತಕ್ಷಣ ತಿಂಡಿ ತಿಂತಾರಾ?" ಡಾಕ್ಟರು ಕೇಳಿದ್ದು ನನ್ನ ಗಂಡನನ್ನು.

"ತಿಂತಾಳೆ ಸಾರ್."

ಎದ್ದೊಡನೆ ಅಂಗಡಿಗೆ ಓಡುವ ಈ ಮಹಾರಾಯರು ನಾನು ತಿನ್ನುವುದನ್ನು ಎಂದು ಕಂಡಿದ್ದರೋ! ಡಾಕ್ಟರು ಡೋಸ್ ಕಡಿಮೆ ಮಾಡಿ ಕಳಿಸಿದರು.

ಕೆಲವೇ ದಿನಕ್ಕೆ ಮತ್ತೆ ಬಿದ್ದೆ. ಈ ಸಲ ಎಚ್ಚರವೇ ತಪ್ಪಿತು.

ವಾರ್ಡಿನಲ್ಲಿ ಡ್ರಿಪ್ ಹಾಕಿದರು. ಯಾರನ್ನೂ ಕೆಟ್ಟವರೆನ್ನಲಾರೆ. ಸಿಸ್ಟರು ನೋವಾಗದಂತೆ ಸೂಜಿ ಚುಚ್ಚಿದರು, ಡಾಕ್ಟರು ಎರಡೆರಡು ಸಲ ಬಂದು ನೋಡಿದರು. ಆದರೆ ಪ್ರಶ್ನೆಗಳೆಲ್ಲ ನನ್ನ ತಲೆಯ ಮೇಲಿಂದ ಹಾದು ಗಂಡನಿಗೇ ಹೋಗುತ್ತಿದ್ದವು. ಹೆಣ್ಣು ನೋಡಲು ಬಂದವರೂ ನನ್ನನ್ನು ಇದಕ್ಕಿಂತ ಹೆಚ್ಚು ಮಾತಾಡಿಸಿದ್ದರು.

ರೇಗಿಹೋಯಿತು.

"ಡಾಕ್ಟ್ರೆ, ಕಾಯ್ಲೆ ನಂಗೆ, ಅವ್ರಿಗಲ್ಲ. ನನ್ನ ಕೇಳಿ."

ಗಂಡ ಕಣ್ಣುಕಣ್ಣು ಬಿಟ್ಟರು. ಡಾಕ್ಟರು ಸ್ಟೂಲ್ ಎಳೆದು ಕುಳಿತರು. "ಹೇಳಿ ಅಮ್ಮ."

ಹೇಳಿದೆ. ಪೂಜೆಯಾಗದೆ ನಾನು ಏನೂ ತಿನ್ನುವುದಿಲ್ಲ. ಮಿಂದ ಮೇಲೆ ಸೂಜಿ, ರಕ್ತ ಬೇಡವೆಂದು ಎದ್ದೊಡನೆ ಇನ್ಸುಲಿನ್ ಚುಚ್ಚಿಕೊಂಡುಬಿಡುತ್ತೇನೆ. ಆಮೇಲೆ ಕೊಟ್ಟಿಗೆ, ಕಸ, ಸ್ನಾನ, ಪೂಜೆ. ತಿಂಡಿ ತಿನ್ನುವಾಗ ಹೊತ್ತು ಏರಿರುತ್ತದೆ.

ಡಾಕ್ಟರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. "ಮೊದಲೇ ನಿಮ್ಮನ್ನ ಕೇಳ್ಬೇಕಿತ್ತು. ಪೂಜೆ ಬಿಡ್ಬೇಡಿ. ಪೂಜೆ ಮುಗಿಸಿ, ತಟ್ಟೆಗೆ ತಿಂಡಿ ಹಾಕ್ಕೊಂಡು ಆಮೇಲೆ ಚುಚ್ಕೊಳ್ಳಿ. ಮಧ್ಯೆ ಕೈ ನಡುಗಿದ್ರೆ ಮಾತ್ರ ಬಾಯಿಗೆ ಸಕ್ಕರೆ ಹಾಕ್ಕೊಳ್ಳಿ."

"ಪೂಜೆ ಮಧ್ಯದಲ್ಲಾ?"

"ಜೀವ ಉಳಿಸ್ಕೊಂಡ್ರೆ ಶಿವ ಬ್ಯಾಡ ಅಂದಾನಾ?" ಎಂದರು ನನ್ನವರು. ಅಷ್ಟು ದಿನಗಳಲ್ಲಿ ಅವರು ಆಡಿದ ಸರಿಯಾದ ಮಾತು ಅದೊಂದೇ.

ಆಮೇಲೆ ಬಿದ್ದಿಲ್ಲ. ಮುಂದೆ ಹೇಗೋ ಗೊತ್ತಿಲ್ಲ, ಸಕ್ಕರೆ ಕಾಯಿಲೆ ನಂಬುವಂಥದ್ದಲ್ಲ. ಆದರೂ ಆ ಡಾಕ್ಟರ ಮೇಲೆ ನನಗೆ ಗೌರವವಿದೆ. ತಪ್ಪಾಯಿತೆಂದು ತಿಳಿದೊಡನೆ ಕುಳಿತು ಕೇಳಿದರಲ್ಲ.

ಹೋದ ವಾರ ತಪಾಸಣೆಗೆ ಕಾದು ಕೂತಿದ್ದೆ. ಪಕ್ಕದ ಹೆಂಗಸನ್ನು ಏನಾಗಿದೆಯೆಂದು ನಾನು ಕೇಳಿದರೆ, ಅವಳ ಗಂಡ ಉತ್ತರ ಕೊಡತೊಡಗಿದ.

"ನೀವ್ ಸುಮ್ನಿರಣ್ಣ. ನೀನ್ ಹೇಳಕ್ಕ."

"ನಾ ಏನೇಳ್ಲವ್ವ? ನನ್ನ ಯಾರೂ ಕೇಳೋದೇ ಇಲ್ವಲ್ಲ."

"ಕೇಳ್ದಿದ್ರೂ ಹೇಳು," ಎಂದೆ.