ಡಿಪಾಜಿಟ್ ಜಪ್ತ್

ನನ್ನ ಹಳೆಯ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮುಂದೆ ಹಾಸಿದ ಮ್ಯಾಟು ಒಂದೇ ಕಡೆ ಸವೆದು ಬೆಳ್ಳಗಾಗಿದೆ. ಅಲ್ಲಿ ಬ್ರೇಕ್ ಇಲ್ಲ. ಆದರೂ ಅಂಕಲ್ ತಮ್ಮ ಕಂದು ಬೂಟಿನ ಬಲಗಾಲನ್ನು ಅಲ್ಲೇ ಒತ್ತಿ ಒತ್ತಿ ನನಗೆ ಡ್ರೈವಿಂಗ್ ಕಲಿಸಿದರು. ನಾನು ಒತ್ತುವುದಕ್ಕೆ ಮೊದಲೇ ಅವರು ಒತ್ತಿರುತ್ತಿದ್ದರು.

ಅಮೆರಿಕಾದ ಈ ಪ್ಲೇನೋ ಊರಿಗೆ ಹೊಸದಾಗಿ ಬಂದ ಕನ್ನಡದ ಹೆಂಗಸರಿಗೆಲ್ಲ ಅವರೇ ಗುರು. ಧಾರವಾಡದವರು, ನಿವೃತ್ತ ಇಂಜಿನಿಯರು. ಪುಕ್ಕಟೆ ಕಲಿಸುತ್ತಿದ್ದರು, ಆದರೆ ಅವರ ರಾಜಕೀಯ ಕೇಳಬೇಕಿತ್ತು. ಅದು ಹೆಚ್ಚು ದುಬಾರಿ ಎಂದು ನಾವು ಹೆಂಗಸರು ನಗುತ್ತಿದ್ದೆವು.

ನಾನು ಕಲಿತದ್ದು ಅಧ್ಯಕ್ಷರ ಚುನಾವಣೆಯ ವರ್ಷ. ಮನೆಮನೆಯ ಹುಲ್ಲಿನ ಮೇಲೂ ಅಭ್ಯರ್ಥಿಗಳ ಬೋರ್ಡು. ಅಂಕಲ್ ಬೀದಿಯ ಹೆಸರು ಹೇಳುತ್ತಿರಲಿಲ್ಲ. "ನಮ್ಮ ಅಯೋಗ್ಯನ ಬೋರ್ಡ್ ದಾಟಿ ಲೆಫ್ಟ್ ತಗೋ ತಂಗಿ. ಮುಂದ ನಿಮ್ಮ ಅಯೋಗ್ಯನ ಬೋರ್ಡ್ ಬರ್ತದ, ಅಲ್ಲೆ ಸ್ಲೋ ಮಾಡಬ್ಯಾಡ, ಆ ಮನಿಯವರಿಗೆ ಬುದ್ಧಿ ಇಲ್ಲ" ಎನ್ನುತ್ತಿದ್ದರು. ನಾನು ಯಾರ ಕಡೆ, ಅವರು ಯಾರ ಕಡೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುತ್ತಿರುವವರಲ್ಲಿ ಅರ್ಧ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇಬ್ಬರೂ ಎದುರು ಬದುರು ಎಂದರೆ ಸಾಕು.

ಯಾವ ಅಭ್ಯರ್ಥಿಯ ಹೆಸರೆತ್ತಿದರೂ ಅವರದು ಒಂದೇ ತೀರ್ಪು: "ಡಿಪಾಜಿಟ್ ಜಪ್ತ್!" ನಮ್ಮೂರ ಕಡೆ ಹೀನಾಯವಾಗಿ ಸೋತವನ ಠೇವಣಿ ಹೋಗುತ್ತದಲ್ಲ, ಅದು.

"ಅಂಕಲ್, ಅಮೆರಿಕಾದಲ್ಲಿ ಡಿಪಾಸಿಟ್ಟೇ ಇಲ್ವಲ್ಲ" ಅಂದೆ ಒಂದು ದಿನ.

"ಇಡಬೇಕಿತ್ತು. ಇಡಲಾರದ್ದಕ್ಕ ಇಂಥಾವ್ರೆಲ್ಲಾ ನಿಲ್ತಾರ. ಬ್ರೇಕ್! ಬ್ರೇಕ್ ಒತ್ತವಾ!"

ಕನ್ನಡ ಸಂಘದ ಊಟದಲ್ಲಿ ಆಸ್ಟಿನ್‌ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಅಂಕಲ್‌ಗೆ ಫೋನಿನಲ್ಲಿ ಸಮೀಕ್ಷೆ ತೋರಿಸಿ, ಅವರ ಅಭ್ಯರ್ಥಿಯೇ ಮುಂದಿದ್ದಾನೆ ಎಂದಳು. ಖುಷಿಪಡುವ ಬದಲು, "ಗೆದ್ರ ಏನಾತು? ದಡ್ಡ ಅನ್ನೋದು ನಾಕು ವರ್ಷ ಎಲ್ಲಾರಿಗೂ ಕಾಣಸ್ತದ" ಎಂದು ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಹಾಕಿಸಿಕೊಂಡರು. ತಮ್ಮವನನ್ನೇ ಇಷ್ಟು ತಾತ್ಸಾರದಿಂದ ಕಂಡು, ಅವನಿಗೇ ಇಷ್ಟು ನಿಷ್ಠೆಯಿಂದ ಓಟು ಹಾಕುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಮೊದಲ ಟೆಸ್ಟಿನಲ್ಲಿ ನಾನು ಫೇಲಾದೆ. "ಥೇಟ್ ನಿಮ್ಮ ಪಾರ್ಟಿ. ಸಿಗ್ನಲ್ ಒಂದ್ ಕಡೆ, ತಿರುಗೂದು ಇನ್ನೊಂದ್ ಕಡೆ" ಅಂದರು. ಆದರೆ ಮರುದಿನ ಬೆಳಿಗ್ಗೆ ಏಳಕ್ಕೇ ನಮ್ಮ ಬಾಗಿಲಲ್ಲಿದ್ದರು, ಮುಂದಿನ ಒಂದು ವಾರ ಪೂರ್ತಿ ಬಂದರು. ಕಾರಿಲ್ಲದೆ ಹಾಲು ತರುವುದಕ್ಕೂ ಗಂಡನ ದಾರಿ ಕಾಯಬೇಕಾದ ಊರಿನಲ್ಲಿ ನನಗೆ ಕಾಲು ಕೊಟ್ಟವರು ಅವರು.

ನಾಲ್ಕು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ಅಂಕಲ್ ಸೊಂಟದ ಆಪರೇಶನ್ ಆಗಿ ವಾಕರ್ ಹಿಡಿದಿದ್ದರು, ಡ್ರೈವ್ ಮಾಡುವಂತಿರಲಿಲ್ಲ. ಮುಂಗಡ ಮತದಾನದ ಕೊನೆಯ ದಿನ ಫೋನ್ ಮಾಡಿದರು.

"ತಂಗಿ, ನನ್ನ ಓಟಿಗೆ ಕರ್ಕೊಂಡ್ ಹೋಗ್ತೀಯೇನು? ಮಗನ್ನ ಕೇಳಿದೆ. 'ಡ್ಯಾಡ್, ಆ ಜೋಕರ್‌ಗೆ ವೋಟ್ ಮಾಡೋಕೆ ಐ ವೋಂಟ್ ಡ್ರೈವ್ ಯು' ಅಂದ."

ಒಂದೇ ಮನೆಯಲ್ಲಿದ್ದ ಮಗ. ಅವನೂ ನನ್ನ ಕಡೆಯವನೇ. ನಾಲ್ಕು ಗಂಟೆಗೆ ಬರುತ್ತೇನೆ ಎಂದೆ. ಫೋನ್ ಇಟ್ಟಮೇಲೆ ಮೈ ಉರಿಯಿತು. ಆಗ ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಓಟು ಇರಲಿಲ್ಲ. ಇಡೀ ಚುನಾವಣೆಯಲ್ಲಿ ನನ್ನಿಂದ ಆಗಬಹುದಾದ ಒಂದೇ ಕೆಲಸವೆಂದರೆ, ಕಂಡರಾಗದ ಆ ಅಯೋಗ್ಯನಿಗೆ ಒಂದು ಓಟು ಸಾಗಿಸುವುದು! ಗೆಳತಿಗೆ ಹೇಳಿದರೆ, "ಟ್ರಾಫಿಕ್‌ನಲ್ಲಿ ಸಿಕ್ಕೊಂಡೆ ಅನ್ನು. ಏಳಕ್ಕೆ ಕ್ಲೋಸ್ ಆಗುತ್ತೆ, ಒಂದು ಓಟು ಕಮ್ಮಿ" ಎಂದಳು. ನಾನು ಅದನ್ನು ಯೋಚಿಸಿದೆ. ಸುಳ್ಳೇಕೆ, ಚೆನ್ನಾಗಿಯೇ ಯೋಚಿಸಿದೆ. ನಾಲ್ಕು ಹೊಡೆದರೂ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಹೋದಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದೇ ಕಂದು ಬೂಟು ಹಾಕಿಕೊಂಡು, ವಾಕರ್ ಹಿಡಿದು ರಸ್ತೆಯ ಅಂಚಿಗೇ ಬಂದು ನಿಂತಿದ್ದರು. ನನಗೆ ನಾಚಿಕೆಯಾಯಿತು.

ದಾರಿಯುದ್ದಕ್ಕೂ ನನ್ನ ಅಭ್ಯರ್ಥಿಯ ಮುಖ, ಮಾತು, ನಡಿಗೆ ಎಲ್ಲವನ್ನೂ ಹಳಿದರು. ಮತಗಟ್ಟೆಯಿಂದ ನೂರು ಅಡಿ ದೂರದಲ್ಲಿ, ಇಲ್ಲಿಂದ ಮುಂದೆ ಪ್ರಚಾರ ಮಾಡಬಾರದು ಎನ್ನುವ ಬೋರ್ಡು ಬಂತು. "ನಿಮ್ಮಂವಂದು ಡಿಪಾಜಿ..." ಎನ್ನುತ್ತಿದ್ದವರಿಗೆ ಅದನ್ನು ತೋರಿಸಿದೆ. ಟಪ್ಪನೆ ಬಾಯಿ ಮುಚ್ಚಿದರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಡೆಯಲಾಗದವರಿಗೆ ಕಾರಿನ ಹತ್ತಿರವೇ ಓಟಿನ ವ್ಯವಸ್ಥೆ ಇತ್ತು. ಸಿಬ್ಬಂದಿಯ ಹೆಂಗಸು ಕಿಟಕಿಯ ಬಳಿ ಬಂದಾಗ ಅಂಕಲ್ ಪಿಸುಗುಟ್ಟಿದರು: "ಮಾರಿ ಆ ಕಡೆ ತಿರುಗಿಸು." ನಾನು ಕನ್ನಡಿಯಲ್ಲಿ ಹಿಂದಿನ ಕಾರುಗಳನ್ನು ನೋಡುತ್ತ ಕೂತೆ.

ವಾಪಸು ಬರುವಾಗ ಕೇಳಿದೆ, "ಹಾಕಿದ್ರಾ ನಿಮ್ಮ ಅಯೋಗ್ಯನಿಗೆ?"

"ಹಾಕಿದೆ. ಅವಂಗೂ ಯೋಗ್ಯತೆ ಇಲ್ಲ."

ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಇಪ್ಪತ್ತು ಮಿನಿಟ್ ಲೇಟ್ ಬಂದಿ. ನೀ ಬರೂದಿಲ್ಲ ಅಂತ ತಿಳ್ಕೊಂಡಿದ್ದೆ."

ಮುಂದೆ ಕೆಂಪು ದೀಪ ಬಿತ್ತು, ನಾನು ಬ್ರೇಕ್ ಒತ್ತಿದೆ.

"ನಿನ್ನ ಜಾಗಾದಾಗ ನಾ ಇದ್ರ ಬರ್ತಿರಲಿಲ್ಲ ತಂಗಿ. ಮಗನ ಮ್ಯಾಲ ಸಿಟ್ಟಿಲ್ಲ. ಅಂವ ನನ್ನಂಗ ಆಗ್ಯಾನ, ಅಷ್ಟ."

ಅವರ ಬಲಗಾಲು ಮನೆ ಮುಟ್ಟುವವರೆಗೂ ಮ್ಯಾಟಿನ ಮೇಲೆ ಸುಮ್ಮನೆ ಇತ್ತು.

ಆ ಚಳಿಗಾಲದಲ್ಲೇ ಅಂಕಲ್ ತೀರಿಕೊಂಡರು. ನಾನು ಪೌರತ್ವ ಪಡೆದು ಮೊದಲ ಸಲ ಓಟು ಹಾಕಿದಾಗ, ಅವರು ಉಗಿಯುತ್ತಿದ್ದ ನನ್ನ ಪಕ್ಷಕ್ಕೇ ಹಾಕಿದೆ. ಅವರ ಪಕ್ಷದ ಮೇಲೆ ನನಗಿರುವ ತಿರಸ್ಕಾರ ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಆದರೆ ಪ್ರತಿ ಚುನಾವಣೆಗೆ ನಮ್ಮ ಕನ್ನಡದ ಗುಂಪಿನಲ್ಲಿ ಬರೆದು ಹಾಕುತ್ತೇನೆ: ಓಟಿಗೆ ಹೋಗಲು ಕಾರು ಬೇಕಾದವರು ಹೇಳಿ, ಯಾರ ಕಡೆ ಎಂದು ಕೇಳುವುದಿಲ್ಲ. ಕರೆದವರ ಬಾಗಿಲಿಗೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ನಿಲ್ಲುತ್ತೇನೆ.